ಚಾನೆಲ್ ಹೆಸರು ಬದಲಿಸಿದೆ, ಗೊಂದಲ ಹೋಯ್ತು

ಪುಣೆಯಿಂದ ಬೆಳಗಾವಿಗೆ ಹೋಗುವಾಗ ಖಂಬಾಟ್ಕಿ ಘಾಟಿನಲ್ಲಿ ನನ್ನ ಹ್ಯಾಮ್ ರೇಡಿಯೊದಲ್ಲಿ (ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊ) ಎಲ್ಲರ ಮಾತೂ ಕೇಳುತ್ತಿತ್ತು, ನಾನು ಕರೆದರೆ ಮಾತ್ರ ಉತ್ತರವಿಲ್ಲ. ಪರದೆಯಲ್ಲಿ ಚಾನೆಲ್ ಹೆಸರು ಬರೀ 'ಆರ್‌ಪಿಟಿ3', ಅಂದರೆ ಯಾವುದೋ ರಿಪೀಟರ್ (ನಮ್ಮ ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಕೇಂದ್ರ). ಯಾವ ಊರಿನದೋ ಏನೋ!

ಮನೆಗೆ ಬಂದು ಕೇಬಲ್ ಹಾಕಿ, ರೇಡಿಯೊಗೆ ಚಾನೆಲ್ ತುಂಬುವ ಚಿರ್ಪ್ ಸಾಫ್ಟ್‌ವೇರ್‌ನಲ್ಲಿ ನೋಡಿದೆ. ಮೈನಸ್ 600 ಕಿಲೋಹರ್ಟ್ಜ್ ಶಿಫ್ಟ್ (ಕೇಳುವ, ಕಳಿಸುವ ಆವರ್ತನಗಳ ನಡುವಿನ ಅಂತರ) ಸರಿಯಾಗಿತ್ತು, ಟೋನ್ (ಮಾತಿನ ಜೊತೆ ಹೋಗುವ ಗುರುತಿನ ಸಣ್ಣ ಸದ್ದು) ಜಾಗ ಖಾಲಿ. ಟೋನ್ ಕೇಳುವ ರಿಪೀಟರ್ ಅದಿಲ್ಲದೆ ತೆರೆಯಲ್ಲ, ಅಲ್ವಾ?

ಟೋನ್ ತುಂಬಿ, ಹೆಸರುಗಳನ್ನೂ ಬದಲಿಸಿದೆ. ನನ್ನ ಸೆಟ್‌ನಲ್ಲಿ ಹೆಸರಿಗೆ ಏಳೇ ಅಕ್ಷರ. ಹಾಗಾಗಿ ಊರಿಗೆ ಮೂರಕ್ಷರ, ಪಕ್ಕದಲ್ಲೇ ಟೋನ್. 88 ಅಂತಿದ್ದರೆ 88.5 ಹರ್ಟ್ಜ್. ಚಾನೆಲ್ ಸಂಖ್ಯೆ 1ರಿಂದ 20 ಪುಣೆ, 21ರಿಂದ ಮುಂಬೈ, 41ರಿಂದ ಗೋವಾ, 61ರಿಂದ ನಮ್ಮ ಬೆಳಗಾವಿ-ಧಾರವಾಡದ ಕಡೆ. ಹಳೇ ಫೈಲಿನ ಕಾಪಿ ಇಟ್ಟುಕೊಂಡೇ ಹೊಸದನ್ನು ತುಂಬಿ.

ಮರುದಿನ ಪುಣೆಯ ಕೋಥ್ರೂಡ್‌ನ ಟೆರೇಸಿನಿಂದ ಕರೆದೆ. ತಕ್ಷಣ ಉತ್ತರ ಬಂತು, ತುಂಬಾ ಖುಷಿಯಾಯ್ತು.