ಕುಂಟೆ ದಡದ ಕಸ ಎತ್ತುವುದು: ಶುರು ಮಾಡುವುದು ಹೇಗೆ, ನಮಗೆ ಸಿಗುವುದೇನು

ಕೋಲಾರದ ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹರಾಜಿನ ಕೂಗು, ಲಾರಿ ಹಾರನ್, ರೈತರ ಬಿಲ್ಲು, 15 ಕೆಜಿ ಬಾಕ್ಸುಗಳ ಲೆಕ್ಕ. ಇವತ್ತಿನದು ಮುಗಿಯಿತು ಅನ್ನುವಷ್ಟರಲ್ಲಿ ನಾಳೆಯ ಮಾಲು ಬಂದು ನಿಂತಿರುತ್ತದೆ. ಇಂಥ ಕೆಲಸದಲ್ಲಿ ಇರುವವರಿಗೆ ಕಣ್ಣೆದುರಿಗೇ ಮುಗಿಯುವ ಕೆಲಸ ಒಂದಾದರೂ ಬೇಕು. ನನಗೆ ಅದು ಸಿಕ್ಕಿದ್ದು ಅಂತರಗಂಗೆ ಬೆಟ್ಟದ ಹಿಂಬದಿಯ ಒಂದು ಕುಂಟೆಯಲ್ಲಿ, ಅಂದರೆ ಮಳೆನೀರು ನಿಲ್ಲುವ ಸಣ್ಣ ಕೆರೆಯಲ್ಲಿ. ರಜೆ ಸಿಕ್ಕ ಬೆಳಿಗ್ಗೆ ಅಲ್ಲಿಗೆ ಹೋಗಿ ಕಸ ಎತ್ತುತ್ತೇನೆ. ನೋಡಿದವರು "ಊರಿಗೆ ಒಳ್ಳೇದು ಮಾಡ್ತಿದ್ದೀರಿ" ಅನ್ನುತ್ತಾರೆ. ಊರಿಗೆ ಆಗುವುದು ಆಗಲಿ, ನನಗೆ ಆಗಿರುವ ಒಳ್ಳೆಯದೇ ಜಾಸ್ತಿ. ನೀವೂ ಶುರು ಮಾಡುವುದಾದರೆ ಹೇಗೆ ಅಂತ ಹೇಳುತ್ತೇನೆ.

ಮೊದಲು ಜಾಗ. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಗೆ ಎಲ್ಲರೂ ಹೋಗುತ್ತಾರೆ. ಅಲ್ಲಿ ಗುಡಿಸುವವರೂ ಇರುತ್ತಾರೆ. ಯಾರೂ ನೋಡದ ಜಾಗ ಹುಡುಕಿ. ಊರಾಚೆಯ ಗೋಕುಂಟೆ, ಕೆರೆ ಕೋಡಿ, ಬಂಡೆ ಮೇಲಿನ ದೊಣೆ, ರಾಜಕಾಲುವೆ ಕೆರೆಗೆ ಸೇರುವ ಮೂಲೆ. ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆ ನಮ್ಮದು. ಹಿಂದಿನವರು ಮಳೆನೀರು ಹಿಡಿದಿಟ್ಟೇ ಬದುಕಿದರು. ಅಂಥ ಒಂದೊಂದು ಕುಂಟೆಯೂ ನಮಗೆ ಬೆಲೆಬಾಳುವ ಆಸ್ತಿ.

ಜಾಗ ಮನೆಯಿಂದ ಗಾಡಿಯಲ್ಲಿ ಹತ್ತು ನಿಮಿಷದೊಳಗೆ ಇರಲಿ. ದೂರ ಇದ್ದರೆ ಎರಡನೇ ಸಲ ಹೋಗುವುದಿಲ್ಲ. ಎರಡನೇ ಸಲ ಹೋಗುವುದೇ ಮುಖ್ಯ.

ಸುಮ್ನೆ ಹೋಗಿ ಶುರು ಮಾಡಬೇಡಿ, ಒಂದು ಮಾತು ಹೇಳಿ. ಕುಂಟೆಯಾದರೆ ಪಂಚಾಯ್ತಿಯವರಿಗೆ, ಬೆಟ್ಟವಾದರೆ ಅರಣ್ಯ ಇಲಾಖೆ ಗಾರ್ಡ್‌ಗೆ. ಊರಲ್ಲಿ ನೀರಗಂಟಿ, ಅಂದರೆ ಕೆರೆ ನೀರು ನೋಡಿಕೊಳ್ಳುವವರು, ಇದ್ದರೆ ಅವರನ್ನು ಮಾತಾಡಿಸಲೇಬೇಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಕೆಸರು ಆಳ, ಯಾವ ಬದಿಗೆ ಇಳಿಯಬಾರದು, ಎಲ್ಲ ಅವರಿಗೆ ಗೊತ್ತು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಂಡಾಗ ಕೇಳಬೇಕಾದದ್ದು ಒಂದೇ: ಎತ್ತಿದ ಕಸವನ್ನು ಸ್ವಚ್ಛವಾಹಿನಿ ಗಾಡಿ ಯಾವ ದಿನ, ಎಲ್ಲಿಂದ ತೆಗೆದುಕೊಂಡು ಹೋಗುತ್ತದೆ? ಇದು ತೀರ್ಮಾನ ಆಗದೆ ಚೀಲ ತುಂಬಿಸಿದರೆ ಆ ಚೀಲವೇ ಹೊಸ ಕಸ ಆಗುತ್ತದೆ.

ಸಾಮಾನು ಜಾಸ್ತಿ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದಪ್ಪ ಗ್ಲೌಸ್. ಮುಂದೆ ಮುಚ್ಚಿರುವ ಬೂಟು, ಚಪ್ಪಲಿ ಖಂಡಿತ ಬೇಡ. ತುದಿಯಲ್ಲಿ ಕಂಬಿ ಬಗ್ಗಿಸಿ ಕಟ್ಟಿದ ಉದ್ದ ಕೋಲು. ಗಾಜಿಗೆ ಖಾಲಿ ಪೇಂಟ್ ಬಕೆಟ್. ಚೀಲಕ್ಕೆ ಹಸು ಇರುವ ಮನೆಯಲ್ಲಿ ಖಾಲಿ ಬೂಸಾ ಚೀಲ ಕೇಳಿ, ಕೊಡುತ್ತಾರೆ. ತೆಳ್ಳಗಿನ ಕಪ್ಪು ಕವರ್ ಜಾಲಿಮುಳ್ಳಿಗೆ ಸಿಕ್ಕಿ ಅಲ್ಲೇ ಹರಿದುಹೋಗುತ್ತದೆ. ಮಂಡಿಯಲ್ಲಿ ಒಡೆದು ಮೂಲೆಗೆ ಹಾಕಿದ ಕ್ರೇಟುಗಳಲ್ಲಿ ಒಂದನ್ನು ನಾನು ಕೇಳಿ ತಂದಿದ್ದೇನೆ. ಬಾಟಲಿ ಹಾಕಲು ಅದಕ್ಕಿಂತ ಒಳ್ಳೆಯದು ಇಲ್ಲ. ತಳದಲ್ಲಿ ತೂತು ಇರುವುದರಿಂದ ನೀರು ತಾನಾಗೇ ಸೋರಿಹೋಗುತ್ತದೆ.

ಇನ್ನು ಕೆಲಸ. ಇಡೀ ಕುಂಟೆಯನ್ನು ಒಮ್ಮೆ ನೋಡಿದರೆ ಎದೆ ಒಡೆಯುತ್ತದೆ. ಅದಕ್ಕೇ ಮೊದಲ ದಿನ ಒಂದು ಹೊಂಗೆ ಮರದ ನೆರಳಿನಷ್ಟು ಜಾಗ ಮಾತ್ರ ಗುರುತು ಮಾಡಿಕೊಳ್ಳಿ. ಅದರಾಚೆ ಎಷ್ಟೇ ಕಸ ಕಂಡರೂ ಹೋಗಬೇಡಿ. ಆ ನೆರಳಿನೊಳಗೆ ಗುಟ್ಕಾ ಚೀಟಿ, ಬೀಡಿ ಸಿಗರೇಟಿನ ತುಂಡು ಏನೂ ಉಳಿಯಬಾರದು. ಸಿಗರೇಟಿನ ಫಿಲ್ಟರ್ ಹತ್ತಿಯ ಹಾಗೆ ಕಂಡರೂ ಅದೂ ಒಂಥರಾ ಪ್ಲಾಸ್ಟಿಕ್ಕೇ. ಮುಗಿಸಿ ಎದ್ದು ನಿಂತು ನೋಡಿದಾಗ ಬರೀ ಮಣ್ಣು, ಎಲೆ, ಹೊಂಗೆ ಹೂವು. ಆಗ ಮನಸ್ಸಿಗೆ ಆಗುವ ಸಮಾಧಾನ ಇದೆಯಲ್ಲ, ನನಗೆ ಅದು ಇಡೀ ವಾರ ಸಾಕಾಗುತ್ತದೆ.

ನಮ್ಮ ಕಡೆಯ ವಿಶೇಷ ಕಸ ಅಂದರೆ ಮಲ್ಚಿಂಗ್ ಶೀಟು, ಗಿಡದ ಬುಡದ ಮಣ್ಣಿಗೆ ಹೊದಿಸುವ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಟೊಮೇಟೊ ಬೆಳೆ ಮುಗಿದ ಮೇಲೆ ಕಿತ್ತ ಶೀಟನ್ನು ಬದುವಿನ ಮೇಲೆ ಬಿಡುತ್ತಾರೆ. ಗಾಳಿಗೆ ಹಾರಿ, ಮಳೆನೀರಲ್ಲಿ ಕೊಚ್ಚಿ ಕುಂಟೆ ಸೇರುತ್ತದೆ. ಮೇಲೆ ಒಂದು ಗೇಣು ಕಂಡರೆ ಒಳಗೆ ಮಾರುಗಟ್ಟಲೆ ಇರುತ್ತದೆ. ಜೋರಾಗಿ ಎಳೆದರೆ ಚೂರು ಚೂರಾಗಿ ಹರಿದು ಮಣ್ಣಲ್ಲೇ ಉಳಿಯುತ್ತದೆ. ಮಳೆ ಬಂದ ಮರುದಿನ ಹೋಗಿ. ಮಣ್ಣು ಸಡಿಲವಾಗಿರುತ್ತದೆ. ಕೋಲಿನಿಂದ ಅಂಚಿನ ಮಣ್ಣು ಬಿಡಿಸಿ, ಚಾಪೆ ಸುತ್ತಿದ ಹಾಗೆ ನಿಧಾನವಾಗಿ ಸುತ್ತುತ್ತಾ ಬನ್ನಿ. ಕೆಳಗಿನ ಮಣ್ಣು ಉಸಿರು ಕಟ್ಟಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಒಂಥರಾ ಹುಳಿ ವಾಸನೆ. ಕೆಲವೊಮ್ಮೆ ಉಗುರಿನಷ್ಟು ಸಣ್ಣ ಕಪ್ಪೆ ಮುದುರಿ ಕೂತಿರುತ್ತದೆ. ಅದು ಹಾರಿಹೋಗುವವರೆಗೆ ಕಾಯಿರಿ. ನಾಲ್ಕು ಮಳೆ ಬಿದ್ದ ಮೇಲೆ ಅದೇ ಜಾಗಕ್ಕೆ ಹೋಗಿ ನೋಡಿ. ಶೀಟು ಇದ್ದಷ್ಟೇ ಅಗಲಕ್ಕೆ ಗರಿಕೆ ಚಿಗುರಿರುತ್ತದೆ.

ಬಾಟಲಿ ಎತ್ತುವಾಗ ಒಳಗೆ ಒಂದು ಸಲ ನೋಡಿ. ಬಾಯಿ ಮೇಲಾಗಿ ಬಿದ್ದಿದ್ದರೆ ತಳದಲ್ಲಿ ಜೀರುಂಡೆ, ಇರುವೆ, ಕೆಲವೊಮ್ಮೆ ಸಣ್ಣ ಹಲ್ಲಿ ಸತ್ತು ಒಣಗಿರುತ್ತವೆ. ಒಳಗೆ ಇಳಿದವು ನುಣುಪು ಗೋಡೆ ಹತ್ತಲಾಗದೆ ಅಲ್ಲೇ ಉಳಿದವು. ಮಳೆನೀರು ನಿಂತ ಲೋಟ, ತೆಂಗಿನ ಚಿಪ್ಪು ಕಂಡರೆ ಒಣ ನೆಲಕ್ಕೆ ಬಗ್ಗಿಸಿ. ಡೆಂಗಿ ಸೊಳ್ಳೆಗೆ ಅಷ್ಟು ನೀರೇ ಸಾಕು, ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ.

ಜೀವಕ್ಕೆ ಸಂಬಂಧಿಸಿದ ಕೆಲವು ಮಾತು. ಕಲ್ಲು, ಕಟ್ಟಿಗೆ, ಹಳೇ ಚೀಲವನ್ನು ಕೈಯಿಂದ ಎತ್ತಬೇಡಿ. ಮೊದಲು ಕೋಲಿನಿಂದ ನಿಮ್ಮಾಚೆಗೆ ಉರುಳಿಸಿ. ಬೆಟ್ಟದ ಬುಡದಲ್ಲಿ ಚೇಳು, ಮಂಡಲದ ಹಾವು ಇರುತ್ತವೆ. ಹಾವು ಕಚ್ಚಿದರೆ ಹಗ್ಗ ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು. ಅದಕ್ಕೇ ಒಬ್ಬರೇ ಹೋಗುವಾಗ ಮನೆಯಲ್ಲಿ ಜಾಗ ಹೇಳಿ ಹೋಗಿ. ಪಾರ್ಥೇನಿಯಂ ಗಿಡದ ಮಧ್ಯೆ ತುಂಬು ತೋಳಿನ ಅಂಗಿ ಬೇಕು, ಇಲ್ಲದಿದ್ದರೆ ನವೆ ಬಿಡುವುದಿಲ್ಲ.

ಕೀಟನಾಶಕದ ಬಾಟಲಿಗಳು ನಮ್ಮ ಕುಂಟೆಗಳಲ್ಲಿ ಸಿಕ್ಕೇ ಸಿಗುತ್ತವೆ. ಔಷಧಿ ಹೊಡೆದು ಡಬ್ಬಿ ತೊಳೆಯಲು ಬಂದವರು ಅಲ್ಲೇ ಎಸೆದು ಹೋಗುತ್ತಾರೆ. ಮುಚ್ಚಳ ತೆಗೆಯಬೇಡಿ, ಮೂಸಬೇಡಿ, ಗುಜರಿಗೆ ಹಾಕಬೇಡಿ. ಬೇರೆ ಚೀಲಕ್ಕೆ ಹಾಕಿ, ಮೇಲೆ ದೊಡ್ಡದಾಗಿ ಬರೆದು, ಪಂಚಾಯ್ತಿಯವರಿಗೆ ಹೇಳಿಯೇ ಕೊಡಿ. ಸಿರಿಂಜ್ ಸಿಕ್ಕರೂ ಹೀಗೆಯೇ. ಮುಚ್ಚಳ ಇರುವ ಗಟ್ಟಿ ಡಬ್ಬಿಯಲ್ಲಿ ಹಾಕಿ, ಬೇರೆಯಾಗಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿರುವ ಕೆರೆಗಳಲ್ಲಿ ಗ್ಲೌಸ್ ಇಲ್ಲದೆ ನೀರು ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ತಿಂಡಿ.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ಎಚ್ಚರ. ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣವೂ ಕಲ್ಲಿನದೇ. ಹಕ್ಕಿ ನಿಮ್ಮ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ಬಂದ ದಾರಿಯಲ್ಲೇ ಹಿಂದೆ ಸರಿದು ಬೇರೆ ಬದಿಗೆ ಹೋಗಿ. ಆ ಮೂಲೆಯ ಕಸ ಒಂದು ತಿಂಗಳು ಅಲ್ಲೇ ಇರಲಿ.

ಎತ್ತಿದ ಕಸವನ್ನು ಅಲ್ಲೇ ಬೆಂಕಿ ಹಾಕುವವರು ಇದ್ದಾರೆ. ಖಂಡಿತ ಬೇಡ. ಪ್ಲಾಸ್ಟಿಕ್ ಹೊಗೆ ವಿಷ. ಬೇಸಿಗೆಯಲ್ಲಿ ಒಣಹುಲ್ಲಿಗೆ ಕಿಡಿ ಬಿದ್ದರೆ ಬೆಂಕಿ ಬೆಟ್ಟದ ಮೇಲಕ್ಕೇ ಹತ್ತುತ್ತದೆ. ನೀರಿನ ಬಾಟಲಿ, ಒಡೆಯದ ಬಿಯರ್ ಬಾಟಲಿ, ಕಬ್ಬಿಣ ಗುಜರಿಗೆ. ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ, ಥರ್ಮಾಕೋಲ್ ತಟ್ಟೆ, 90 ಎಂಎಲ್ ಮದ್ಯದ ಟೆಟ್ರಾ ಪ್ಯಾಕ್ ಗುಜರಿಯವರು ಮುಟ್ಟುವುದಿಲ್ಲ, ಅವು ಪಂಚಾಯ್ತಿ ಗಾಡಿಗೆ. ಟೆಟ್ರಾ ಪ್ಯಾಕ್‌ನಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಅಂಟಿಕೊಂಡಿರುತ್ತವೆ. ಬಿಡಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಅರಳಿಮರದ ಬುಡದಲ್ಲಿ ಗಾಜು ಒಡೆದ ದೇವರ ಫೋಟೋಗಳು ಇರುತ್ತವೆ, ಅಲ್ವಾ? ಅವನ್ನು ಬೇರೆ ಕಸದ ಜೊತೆ ಸೇರಿಸಬೇಡಿ. ನೋಡಿದವರಿಗೆ ನೋವಾಗುತ್ತದೆ, ನನಗೂ ಮನಸ್ಸು ಬರುವುದಿಲ್ಲ. ಹತ್ತಿರದ ಗುಡಿಯ ಪೂಜಾರಿಯವರನ್ನು ಕೇಳಿ. ನಮ್ಮಲ್ಲಿ ಅವರು ಒಪ್ಪಿದ ಹಾಗೆ ಗಾಜು, ಚೌಕಟ್ಟು ಬೇರೆ ಮಾಡಿ, ಚಿತ್ರದ ಕಾಗದವನ್ನು ಅವರಿಗೇ ಕೊಡುತ್ತೇನೆ.

ಕುಡಿದು ಬಾಟಲಿ ಎಸೆಯುವವರ ಜೊತೆ ಜಗಳಕ್ಕೆ ಹೋಗಬೇಡಿ. ಅದರಿಂದ ನಿಮ್ಮ ಬೆಳಿಗ್ಗೆ ಹಾಳಾಗುತ್ತದೆ, ಅಷ್ಟೇ. ಅದರ ಬದಲು ದಿನಾ ಅಲ್ಲಿಗೆ ಬರುವವರ ಸ್ನೇಹ ಮಾಡಿ. ಮೇಕೆ ಮೇಯಿಸುವ ತಾತ ಒಬ್ಬರು ಕನ್ನಡ, ತೆಲುಗು ಬೆರೆಸಿ ಮಾತಾಡುತ್ತಾರೆ. ಮೊದಮೊದಲು ದೂರದಿಂದ ನೋಡುತ್ತಿದ್ದರು. ಆಮೇಲೆ ಒಂದು ದಿನ "ಈ ಕಡೆ ಆಯ್ತಾ ಅಪ್ಪಾ? ಆ ಬಂಡೆ ಹಿಂದೆ ಗಾಜಿದೆ ನೋಡು, ನಮ್ಮ ಮೇಕೆ ಕಾಲು ಕೊಯ್ಕೊಂಡಿತ್ತು" ಅಂದರು. ಈಗ ನಾನು ಹೋಗದ ದಿನವೂ ಅವರೇ ಗಾಜು ಎತ್ತಿ ಬಕೆಟ್ಟಿಗೆ ಹಾಕಿಟ್ಟಿರುತ್ತಾರೆ. ಮಂಡಿಯಲ್ಲಿ ದಿನಕ್ಕೆ ಎಷ್ಟೋ ಜನ ನನ್ನ ಹತ್ತಿರ ಮಾತಾಡುತ್ತಾರೆ, ಎಲ್ಲ ದುಡ್ಡಿನ ಮಾತು. ತಾತನ ಹತ್ತಿರ ಮಳೆ, ಮೇಕೆ, ಮೊಮ್ಮಗಳ ಮಾತು.

ಬಗ್ಗಿ ಎದ್ದು ಎರಡು ಗಂಟೆ ಕೆಲಸ ಮಾಡಿದರೆ ಸೊಂಟ ಹಿಡಿಯುತ್ತದೆ, ನಿಜ. ಆದರೆ ಆ ರಾತ್ರಿ ಬರುವ ನಿದ್ದೆ ಬೇರೆ ದಿನ ಬರುವುದಿಲ್ಲ. ಕಣ್ಣೂ ಬದಲಾಗುತ್ತದೆ. ಮಿಂಚುಳ್ಳಿ ಯಾವ ಕೊಂಬೆಯ ಮೇಲೆ ಕೂರುತ್ತದೆ, ನೀರು ವಾರಕ್ಕೆ ಎಷ್ಟು ಇಳಿಯುತ್ತದೆ, ತುಂಬೆ ಗಿಡ ಎಲ್ಲಿ ಎದ್ದಿದೆ, ಇವೆಲ್ಲ ನನಗೆ ಈಗ ಬಾಯಿಪಾಠ. ನೆಲ ನೋಡುತ್ತಾ ನಡೆದಿದ್ದಕ್ಕೇ ಇಷ್ಟು ಗೊತ್ತಾಯಿತು. ಸುಮ್ನೆ ವಾಕಿಂಗ್ ಹೋಗಿದ್ದರೆ ಇದು ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಶುರು ಮಾಡಲು ಒಳ್ಳೆಯ ಕಾಲ ಫೆಬ್ರವರಿಯಿಂದ ಏಪ್ರಿಲ್. ನೀರು ಇಳಿದು, ಮುಳುಗಿದ್ದ ಕಸ ದಡಕ್ಕೆ ಕಾಣುತ್ತದೆ. ಬೆಳಿಗ್ಗೆ ಆರಕ್ಕೆ ಹೋಗಿ ಬಿಸಿಲೇರುವ ಮುಂಚೆ ಮುಗಿಸಿ. ಮೇ ತಿಂಗಳ ಮಳೆಗೆ ಮುಂಚೆ ಕಾಲುವೆ ಕುಂಟೆಗೆ ಸೇರುವ ಬಾಯಿಯೊಂದನ್ನಾದರೂ ಬಿಡಿಸಿಟ್ಟರೆ ಹೊಸ ನೀರು ತಡೆಯಿಲ್ಲದೆ ಒಳಗೆ ಬರುತ್ತದೆ. ಗುಜರಿಯಲ್ಲಿ ಸಿಗುವ ದುಡ್ಡನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಗ್ಲೌಸ್ ಬೇಗ ಹರಿಯುತ್ತವೆ, ಹೊಸ ಜೊತೆಗೆ ಅದೇ ಆಗುತ್ತದೆ.