ಎನ್‌ವಿಎಂಇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 7: ನಾಲ್ಕನೆಯ ಯತ್ನಕ್ಕೆ ಕೈಗೂಡಿದ್ದು

2017ರಲ್ಲಿ ನಾನು ಕೊಂಡ ಲ್ಯಾಪ್‌ಟಾಪಿನಲ್ಲಿ ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರ್, ಎನ್‌ವಿಎಂಇ ಎಂಬ ಹೊಸ ಬಗೆಯ ವೇಗದ ಎಸ್‌ಎಸ್‌ಡಿ ಡಿಸ್ಕ್ ಮತ್ತು ವಿಂಡೋಸ್ 10 ಹೋಮ್ ಇದ್ದವು. ನನ್ನ ಫಿಲ್ಮ್ ಸ್ಕ್ಯಾನರಿಗೆ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಇದ್ದದ್ದು ವಿಂಡೋಸ್ 7ರವರೆಗೆ ಮಾತ್ರ. ವರ್ಚುವಲ್ ಮಷೀನಿನಲ್ಲಿ, ಅಂದರೆ 10ರೊಳಗೇ 7 ಓಡಿಸಿ, ಪ್ರಯತ್ನಿಸಿದೆ. ಅರ್ಧ ಫ್ರೇಮ್ ಸ್ಕ್ಯಾನ್ ಆಗುವಷ್ಟರಲ್ಲಿ ಯುಎಸ್‌ಬಿ ಸಂಪರ್ಕ ಕಡಿದುಹೋಗುತ್ತಿತ್ತು. ಸರ್ವಿಸ್ ಸೆಂಟರಿನವರು “ಇದಕ್ಕೆ ಸೆವೆನ್ ಹಾಕೋಕೆ ಆಗಲ್ಲ ಸರ್, ಹಳೇ ಲ್ಯಾಪ್‌ಟಾಪ್ ಒಂದು ತಗೊಳ್ಳಿ” ಎಂದರು. ಇದೇ ಕೆಲಸದಲ್ಲಿರುವ ಗೆಳೆಯರೂ ಅದನ್ನೇ ಹೇಳಿದರು. ಅವರ ಮಾತು ಸುಳ್ಳಾಯಿತು ಎಂಬ ಸಂತೋಷದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಪರವಾನಗಿಯ ಮಟ್ಟಿಗೆ ನನಗೆ ಖರ್ಚು ಬರಲಿಲ್ಲ. ವಿಂಡೋಸ್ 10 ಪ್ರೊ ಜೊತೆ ಬಂದ ಮಷೀನಿಗೆ 7 ಪ್ರೊಫೆಷನಲ್‌ಗೆ ಇಳಿಯುವ ಹಕ್ಕು ಆಗ ಇತ್ತು, ಹೋಮ್‌ಗೆ ಇರಲಿಲ್ಲ. ಆದರೆ ನನ್ನ ಬಳಿ 7 ಪ್ರೊಫೆಷನಲ್‌ನ ಹಳೆಯ ರೀಟೇಲ್ ಪ್ರತಿ ಇತ್ತು. ಹಣ ಪೋಲಾದದ್ದು ಬೇರೆ ಕಡೆ. ಸೆಟಪ್ ಶುರುವಾದೊಡನೆ ಸಿಡಿ/ಡಿವಿಡಿ ಡ್ರೈವಿನ ಡ್ರೈವರ್ ಇಲ್ಲ ಎಂಬ ಸಂದೇಶ ಬರುತ್ತಿತ್ತು. ಅದನ್ನು ನಂಬಿ ಎರಡು ಹೊಸ ಪೆನ್‌ಡ್ರೈವ್‌ಗಳನ್ನೂ ಒಂದು ಎಕ್ಸ್‌ಟರ್ನಲ್ ಡಿವಿಡಿ ಡ್ರೈವನ್ನೂ ಕೊಂಡೆ. ಮೂರೂ ದಂಡ. ಆ ಲ್ಯಾಪ್‌ಟಾಪಿನ ಚಿಪ್‌ಸೆಟ್‌ನಲ್ಲಿ ಯುಎಸ್‌ಬಿ 2 ನಡೆಸುವ ಹಳೆಯ ಇಎಚ್‌ಸಿಐ ಕಂಟ್ರೋಲರೇ ಇಲ್ಲ, ಎಲ್ಲ ಯುಎಸ್‌ಬಿ ಪೋರ್ಟುಗಳೂ ಎಕ್ಸ್‌ಎಚ್‌ಸಿಐ ಎಂಬ ಹೊಸ ಯುಎಸ್‌ಬಿ 3 ಕಂಟ್ರೋಲರಿನ ಅಡಿಯಲ್ಲಿವೆ. ಅದರ ಡ್ರೈವರ್ 7ರ ಸೆಟಪ್‌ನಲ್ಲಿಲ್ಲದಿದ್ದರೆ ಯಾವ ಡ್ರೈವ್ ಚುಚ್ಚಿದರೂ ಅದಕ್ಕೆ ಕಾಣುವುದಿಲ್ಲ. ಪರದೆಯ ನಡುವೆ ಬಾಣದ ಗುರುತು ಕದಲದೆ ನಿಂತಿತ್ತು, ಮೌಸಿನ ಕೆಂಪು ದೀಪವೂ ಆರಿತ್ತು. ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡ್ ಪಿಎಸ್/2 ಎಂಬ ಹಳೆಯ ಸಂಪರ್ಕದ ಮೂಲಕ ಜೋಡಿಸಿದ್ದರಿಂದ ಅದೊಂದು ಮಾತ್ರ ಕೆಲಸ ಮಾಡುತ್ತಿತ್ತು.

ವಿಂಡೋಸ್‌ನ ಡಿಐಎಸ್‌ಎಂ ಎಂಬ ಉಪಕರಣ ಬಳಸಿ ಯುಎಸ್‌ಬಿ 3 ಡ್ರೈವರನ್ನು, ಸೆಟಪ್ ಶುರುವಾಗುವ ಫೈಲಾದ ಬೂಟ್.ವಿಮ್‌ಗೆ ಸೇರಿಸಿದೆ. ಮೊದಲ ಬಾರಿ ಒಂದನೆಯ ಇಂಡೆಕ್ಸ್‌ಗೆ (ಆ ಫೈಲಿನೊಳಗಿನ ಒಂದನೆಯ ಇಮೇಜಿಗೆ) ಮಾತ್ರ ಸೇರಿಸಿದ್ದರಿಂದ ಏನೂ ಬದಲಾಗಲಿಲ್ಲ, ಏಕೆಂದರೆ ಸೆಟಪ್ ನಡೆಯುವುದು ಎರಡನೆಯದರಿಂದ. ಎರಡನೆಯ ಬಾರಿ ಸರಿಯಾದ ಇಂಡೆಕ್ಸ್‌ಗೇ ಸೇರಿಸಿದೆ, ಆದರೆ ಅನ್‌ಮೌಂಟ್ ಮಾಡುವಾಗ, ಅಂದರೆ ಇಮೇಜನ್ನು ಮುಚ್ಚುವಾಗ, ಬದಲಾವಣೆ ಉಳಿಸುವ ಕಮಿಟ್ ಆಯ್ಕೆ ಕೊಡುವುದನ್ನು ಮರೆತು ಸುಮಾರು ನಲವತ್ತು ನಿಮಿಷಗಳ ಕೆಲಸ ಕಳೆದುಕೊಂಡೆ. ಮೂರನೆಯ ಬಾರಿ ಎನ್‌ವಿಎಂಇಗೆ ಬೇಕಾದ ಕೆಬಿ2990941 ಮತ್ತು ಕೆಬಿ3087873 ಎಂಬ ಮೈಕ್ರೋಸಾಫ್ಟ್‌ನ ಹಾಟ್‌ಫಿಕ್ಸ್‌ಗಳನ್ನೂ (ತಿದ್ದುಪಡಿಗಳನ್ನೂ) ಹಾಕಿದೆ. ಡಿಸ್ಕ್ ಕಂಡಿತು, ಫೈಲುಗಳೆಲ್ಲ ಪ್ರತಿಯಾದವು, ರೀಸ್ಟಾರ್ಟ್ ಆದೊಡನೆ 0x7ಬಿ ನೀಲಿ ಪರದೆ (ಬೂಟ್ ಆಗಬೇಕಾದ ಡಿಸ್ಕ್ ಕಾಣುತ್ತಿಲ್ಲ ಎಂಬ ದೋಷ) ಬಂತು. ಬೂಟ್.ವಿಮ್‌ಗೆ ಹಾಕಿದ್ದನ್ನೆಲ್ಲ, ಡಿಸ್ಕಿಗೆ ಹೋಗುವ ವಿಂಡೋಸ್ ಇರುವ ಇನ್‌ಸ್ಟಾಲ್.ವಿಮ್‌ಗೂ, ಅದರಲ್ಲಿಯೂ ನಾವು ಹಾಕಲಿರುವ ಆವೃತ್ತಿಯ ಇಂಡೆಕ್ಸ್‌ಗೇ, ಹಾಕಬೇಕು ಎಂಬುದು ಆಗ ಸ್ಪಷ್ಟವಾಯಿತು. ಇಷ್ಟರ ನಡುವೆ ನೆಮ್ಮದಿಯಿಂದ ನಿದ್ದೆ ಬಂದದ್ದು ಶುರುವಿನಲ್ಲೇ ಇಡೀ ಡಿಸ್ಕಿನ ಇಮೇಜ್ ತೆಗೆದಿಟ್ಟಿದ್ದರಿಂದ.

ನಾಲ್ಕನೆಯ ಬಾರಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ವ್ಯವಸ್ಥೆ) ಆಫ್ ಮಾಡಿ, ಹಳೆಯ ಬಯಾಸ್‌ನ ಸೌಲಭ್ಯ ಒದಗಿಸುವ ಸಿಎಸ್‌ಎಂ ಚಾಲೂ ಮಾಡಿ, ಎಫ್‌ಎಟಿ32 ರೂಪದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಿಂದ ಯುಇಎಫ್‌ಐ ಎಂಬ ಹೊಸ ವಿಧಾನದಲ್ಲೇ ಬೂಟ್ ಮಾಡಿದೆ. ಎಫ್‌ಎಟಿ32ರಲ್ಲಿ ಅದಕ್ಕಿಂತ ದೊಡ್ಡ ಫೈಲ್ ಹಿಡಿಯದ ಕಾರಣ ಇನ್‌ಸ್ಟಾಲ್.ವಿಮ್ 4 ಜಿಬಿ ಮೀರದಂತೆ ನೋಡಿಕೊಂಡಿದ್ದೆ. ಅರ್ಧ ಗಂಟೆಯೊಳಗೆ ಡೆಸ್ಕ್‌ಟಾಪ್ ಬಂತು. ಸಿಎಸ್‌ಎಂ ನಿಜವಾಗಿಯೂ ಬೇಕೇ ಎಂದು ಪರೀಕ್ಷಿಸಲು ಇನ್ನೊಂದು ದಿನ ಅದನ್ನು ಆಫ್ ಮಾಡಿ ನೋಡಿದೆ: “ಸ್ಟಾರ್ಟಿಂಗ್ ವಿಂಡೋಸ್” ಎಂಬಲ್ಲಿಗೆ ನಿಂತುಬಿಟ್ಟಿತು, ಏಕೆಂದರೆ ಪರದೆಯಲ್ಲಿ ಚಿತ್ರ ಮೂಡಿಸಲು 7 ಹಳೆಯ ವಿಜಿಎ ಬಯಾಸ್ ಕರೆಗಳನ್ನು ಬೇಡುತ್ತದೆ. ಸಿಎಸ್‌ಎಂ ಇಲ್ಲದ ಲ್ಯಾಪ್‌ಟಾಪ್ ಇರುವವರು ನನ್ನ ದಾರಿ ಹಿಡಿಯಬೇಡಿ.

ಟಚ್‌ಪ್ಯಾಡ್ ಐ2ಸಿ ಎಂಬ ಹೊಸ ಬಗೆಯ ಸಂಪರ್ಕದ ಮೂಲಕ ಜೋಡಿಸಿದ್ದು, 7ಕ್ಕೆ ಆ ಭಾಷೆ ಬಾರದು. ಅದನ್ನು ಬಯಾಸ್‌ನ ಒಂದು ಆಯ್ಕೆಯಿಂದ ಸರಿಪಡಿಸಿಕೊಂಡೆ. ಎಲ್ಲಿ, ಹೇಗೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಹುಡುಕಿದವರಿಗೆ ಸಿಕ್ಕೀತು. ಕುತೂಹಲಕ್ಕೆ ಬ್ಯಾಟರಿಯನ್ನೂ ಅಳೆದೆ: 10ರಲ್ಲಿ ಆರೂವರೆ ಗಂಟೆ ಬರುತ್ತಿದ್ದದ್ದು 7ರಲ್ಲಿ ಐದೂವರೆಯ ಆಸುಪಾಸಿಗೆ ಇಳಿಯಿತು. ನನ್ನ ಕೆಲಸ ಪ್ಲಗ್ಗಿನ ಪಕ್ಕದಲ್ಲೇ ನಡೆಯುವುದರಿಂದ ಇದು ಬಾಧಿಸಲಿಲ್ಲ.

ಸ್ಕ್ಯಾನರ್ ಮೊದಲ ದಿನವೇ ಮೂರು ರೋಲ್ ಫಿಲ್ಮನ್ನು ಒಮ್ಮೆಯೂ ತಡವರಿಸದೆ ಮುಗಿಸಿತು. 2020ರ ಜನವರಿ 14ಕ್ಕೆ 7ರ ಬೆಂಬಲ ಮುಗಿದ ದಿನದಿಂದ ಆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿಟ್ಟಿದ್ದೇನೆ. ಅಂದು ದಂಡವೆಂದುಕೊಂಡಿದ್ದ ಎರಡು ಪೆನ್‌ಡ್ರೈವ್‌ಗಳಲ್ಲೇ ಸ್ಕ್ಯಾನ್ ಆದ ಫೈಲುಗಳು ಈಗ ಹೊರಗೆ ಬರುತ್ತಿವೆ.