ನಿದ್ದೆಯಲ್ಲಿ ಕೈಕಾಲು ಬೀಸುವ ಹಿರಿಯರು: ಅಪಾಯದ ಅಂಶಗಳನ್ನು ಗುರುತಿಸುವ ಬಗೆ

ಕನಸು ಬೀಳುವ ರೆಮ್ ನಿದ್ದೆಯಲ್ಲಿ ಮಿದುಳಿನ ಕಾಂಡವು ಸ್ನಾಯುಗಳನ್ನು ಸಡಿಲಗೊಳಿಸಿ ದೇಹವನ್ನು ನಿಶ್ಚಲವಾಗಿಡುತ್ತದೆ. ಆ ತಡೆ ಕೆಟ್ಟಾಗ, ಕನಸಿನಲ್ಲಿ ಅಟ್ಟಿಸಿಕೊಂಡು ಬಂದ ನಾಯಿಗೆ ಒದೆಯುವ ಅಜ್ಜ ನಿಜವಾಗಿಯೂ ಗೋಡೆಗೆ ಒದ್ದು ಹೆಬ್ಬೆರಳು ಬಾತುಕೊಂಡು ಏಳುತ್ತಾರೆ. 1986ರಲ್ಲಿ ಅಮೆರಿಕದ ವೈದ್ಯರಾದ ಕಾರ್ಲೋಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಮತ್ತು ಸಂಗಡಿಗರು ವಿವರಿಸಿದ ಈ ತೊಂದರೆ (ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್) 50 ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ, ಹೆಚ್ಚಾಗಿ ಪತ್ತೆಯಾಗುತ್ತದೆ. ಹೆಂಗಸರಲ್ಲಿ ಚಲನೆಗಳು ಅಷ್ಟು ಉಗ್ರವಾಗಿರದೆ ಗಮನ ತಪ್ಪುವುದೂ ಉಂಟು.

ಮೊದಲು ಔಷಧಿಗಳ ಚೀಟಿಯನ್ನು ನೋಡಿ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ವೆನ್ಲಾಫಾಕ್ಸಿನ್‌ನಂಥ ಮಾತ್ರೆಗಳು ಇದನ್ನು ಹೊರಗೆಡಹಬಲ್ಲವು. ಆದರೆ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬೇಡಿ. ತಲೆಗೆ ಬಿದ್ದ ಹಳೆಯ ಪೆಟ್ಟು, ಧೂಮಪಾನ ಮತ್ತು ಕೀಟನಾಶಕದ ಒಡನಾಟಕ್ಕೂ ಇದರೊಡನೆ ನಂಟು ಕಂಡುಬಂದಿದೆ. ಆದ್ದರಿಂದ ವರ್ಷಗಟ್ಟಲೆ ಬೆನ್ನಿಗೆ ಸ್ಪ್ರೇಯರ್ ಹೊತ್ತು ಹೊಲಕ್ಕೆ ಮದ್ದು ಹೊಡೆದವರು ಅದನ್ನು ತಾವಾಗಿಯೇ ಹೇಳಬೇಕು, ಏಕೆಂದರೆ ಪಟ್ಟಣದ ವೈದ್ಯರಿಗೆ ಅದನ್ನು ಕೇಳಲು ತೋಚದಿರಬಹುದು.

ಒಗ್ಗರಣೆಯ ವಾಸನೆ ತಿಳಿಯದಿರುವುದು, ಬಹುಕಾಲದ ಮಲಬದ್ಧತೆ, ಕೈನಡುಕ ಇವುಗಳನ್ನೂ ಬರೆದಿಡಿ. ಏಕೆಂದರೆ ಇವು ಚಲನೆಯನ್ನು ಕುಂದಿಸುವ ಮಿದುಳಿನ ಕಾಯಿಲೆಯಾದ ಪಾರ್ಕಿನ್ಸನ್‌ನ ಸುಳಿವುಗಳಾಗಿರಬಹುದು, ಮತ್ತು ಈ ತೊಂದರೆಯು ಆ ಕಾಯಿಲೆಗಿಂತ ಹಲವು ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ಗೊರಕೆಯೊಡನೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾವೂ ಹೀಗೆಯೇ ತೋರುವುದರಿಂದ, ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆಯಿಂದಲೇ ಖಚಿತವಾಗಬೇಕು. ಅಲ್ಲಿಯವರೆಗೆ ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಗಾಜಿನ ಲೋಟವನ್ನೂ ಚೂಪು ಅಂಚಿನ ಮೇಜನ್ನೂ ದೂರವಿಡಿ.